ಹಾಲು ಬೇಡವೆನ್ನದ ಡಾಕ್ಟರು

ನಮ್ಮ ಪಶ್ಚಿಮ ಪ್ರಾಂತ್ಯದ ಪಶುವೈದ್ಯರ ಸಂಘವನ್ನು ಜನ ಎರಡು ಕಾರಣಕ್ಕೆ ಬಲ್ಲರು. ಸದಸ್ಯರು ಯಾರಾದರೂ ಸತ್ತರೆ ಹೂವಿನ ಚಕ್ರ ತಪ್ಪದೆ ಬರುತ್ತದೆ. ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಮೇಕೆಯನ್ನು ಚೆನ್ನಾಗಿ ಸುಡುತ್ತಾರೆ. ಇವೆರಡರ ನಡುವೆ ಸಂಘ ಮಾಡುವುದಾದರೂ ಏನು ಎಂದು ಕೈಯಲ್ಲಿ ಪಕ್ಕೆಲುಬು ಹಿಡಿದುಕೊಂಡೇ ಕೇಳುವವರು ಪ್ರತಿ ವರ್ಷವೂ ಇರುತ್ತಾರೆ. ನಾನು ಅದರ ಕಾರ್ಯದರ್ಶಿ, ಹೆಸರು ಕೆಂಬಾಬಾಜಿ, ನಾನೂ ದನದ ಡಾಕ್ಟರೇ, ಡಾಕ್ಟರಮ್ಮ. ಆ ಜಾಗಕ್ಕೆ ಬೇರೆ ಯಾರೂ ನಿಲ್ಲಲಿಲ್ಲ, ನಾನು ಎದ್ದು ಆಚೆ ಹೋಗುವಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿಬಿಟ್ಟಿದ್ದರು. ಎಂಬರಾರ ಪೇಟೆಯಲ್ಲಿ ದನದ ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಕಚೇರಿ. ಕೆಳಗಿನಿಂದ ಉಣುಗಿನ ಔಷಧಿಯ ವಾಸನೆ ಸದಾ ಮೇಲೇರುತ್ತದೆ, ಹಾಗಾಗಿ ನಮ್ಮಲ್ಲಿ ಸೊಳ್ಳೆ ಕಡಿಮೆ.

ಡಾಕ್ಟರ್ ರುತಾರೊ ಆ ಮಹಡಿ ಮೆಟ್ಟಿಲು ಹತ್ತಿ ಬಂದಾಗ ಹೆಜ್ಜೆ ಸಪ್ಪಳ ಕೇಳಿ ಯಾರೋ ಮುದುಕರು ಬರುತ್ತಿದ್ದಾರೆ ಅಂದುಕೊಂಡೆ. ಅವನು ಕಾಲೇಜಿನಲ್ಲಿ ನನ್ನ ಜೊತೆ ಓದಿದವನು. ಗೋಡೆ ಹಿಡಿದುಕೊಂಡು ಒಳಗೆ ಬಂದ, ಕುರ್ಚಿಯ ಮೇಲೆ ಕೂರುವುದಕ್ಕೂ ಸಮಯ ತೆಗೆದುಕೊಂಡ. ನಮ್ಮ ಕಡೆ ಅವನನ್ನು ನೋಡದವರಿಗೂ ಅವನ ದನಿ ಗೊತ್ತು. ಶನಿವಾರ ಬೆಳಿಗ್ಗೆ ರೇಡಿಯೋದಲ್ಲಿ ದನಗಳ ಬಗ್ಗೆ ಮಾತಾಡುತ್ತಾನೆ, ಕೊನೆಗೆ ಪ್ರತಿ ಸಲವೂ 'ಹಾಲು ಕಾಸಿ ಕುಡಿಯಿರಿ' ಎಂದು ಹೇಳಿಯೇ ಮುಗಿಸುತ್ತಾನೆ. ಪೇಟೆಯ ಮಕ್ಕಳು ಅವನ ಮೋಟಾರ್‌ಸೈಕಲ್ ಕಂಡರೆ ಆ ಮಾತನ್ನೇ ಕೂಗಿ ಓಡುತ್ತಿದ್ದರು.

ಜ್ವರ ಬರುತ್ತಿತ್ತು, ಹೋಗುತ್ತಿತ್ತು. ಹಾಸಿಗೆ ಹಿಂಡುವಷ್ಟು ಬೆವರು. ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಹೋದ ಆಸ್ಪತ್ರೆಯಲ್ಲೆಲ್ಲ ಮಲೇರಿಯಾ ಎಂದೇ ಗುಳಿಗೆ ಕೊಟ್ಟರು, ಇವನೂ ನುಂಗುತ್ತ ಹೋದ. ಕೊನೆಗೆ ಯಾರೋ ರಕ್ತ ತೆಗೆದು ಸರಿಯಾಗಿ ನೋಡಿದರೆ, ದನಗಳು ಗರ್ಭ ನಿಲ್ಲದೆ ಕಂದು ಹಾಕುವ ರೋಗ, ಬ್ರೂಸೆಲ್ಲಾ. ದಿನಾ ಬೆಳಗಾದರೆ ಹಸುಗಳಲ್ಲಿ ಇದನ್ನೇ ಹುಡುಕುವವನು. ತಾನು ಹಸುವಾಗಿದ್ದರೆ ಮೊದಲ ದಿನವೇ ಹಿಡಿಯುತ್ತಿದ್ದ. ಅದನ್ನೇ ಅವನ ಮುಖಕ್ಕೆ ಹೇಳಿದೆ. ನಗಲು ಹೋಗಿ ಸೊಂಟ ಹಿಡಿದುಕೊಂಡ.

ಅವನು ಬಂದದ್ದು ರೋಗ ಹೇಳಿಕೊಳ್ಳುವುದಕ್ಕಲ್ಲ. ರಜೆ ಮುಗಿದು ಬಹಳ ಕಾಲವಾಗಿತ್ತು, ಜಿಲ್ಲೆಯವರು ನೋಟೀಸು ಕೊಟ್ಟಿದ್ದರು. ರೋಗ ಕೆಲಸದಿಂದಲೇ ಬಂದದ್ದಾದರೆ ಕೆಲಸ ಉಳಿಯುತ್ತದೆ, ಔಷಧಿಯೂ ಅವರದ್ದೇ, ಗುಣವಾಗುವ ತನಕ ಹಗುರವಾದ ಕೆಲಸ. ಹಾಗಲ್ಲದಿದ್ದರೆ ಜಾಗ ಖಾಲಿ ಎಂದು ಬರೆದುಕೊಂಡು ಬೇರೆಯವರನ್ನು ತರುತ್ತಾರೆ. ಓದು ಮುಗಿಸಿದಂದಿನಿಂದ ಅವನು ಅದೇ ಗುಡ್ಡಗಳಲ್ಲಿ ಓಡಾಡಿದವನು. ಅಲ್ಲಿನ ದೊಡ್ಡಿಗಳಲ್ಲಿ ಯಾವ ಹಸುವಿನ ತಾಯಿ ಯಾವುದು ಎಂದು ಮನೆಯವರ ಹಾಗೆಯೇ ಹೇಳಬಲ್ಲ. ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡು ಬದುಕಬಹುದಲ್ಲ ಎಂದು ಕೇಳಿದೆ.

"ಬದುಕಬಹುದು ಕೆಂಬಾ," ಅಂದ. "ಆದ್ರೆ ಆ ದೊಡ್ಡಿಗಳೊಳಗೆ ನನ್ನನ್ನ ಬಿಡ್ತಾರಲ್ಲ, ಅದು ಬಿಟ್ಟು ನನಗೆ ಬೇರೆ ಏನೂ ಇಲ್ಲ."

ಹೇಳಬಾರದು, ಆದರೆ ನನಗೆ ಒಳಗೊಳಗೇ ಖುಷಿಯಾಯಿತು. ಸಂಘಕ್ಕೆ ಕೊನೆಗೂ ಹೂವಿನ ಚಕ್ರಕ್ಕಿಂತ ದೊಡ್ಡ ಕೆಲಸ ಸಿಕ್ಕಿತ್ತು. ಮೊಕದ್ದಮೆಯೂ ಗಟ್ಟಿಯಾಗಿತ್ತು. ಹಸುವಿನ ಹೊಟ್ಟೆಯೊಳಗೆ ಕೈ ಹಾಕುವವರಿಗೆ ಭುಜದವರೆಗೆ ಬರುವ ಕೈಗವಸು ಬೇಕು. ಜಿಲ್ಲೆಯವರು ಅದನ್ನು ಕೊಡುವುದನ್ನು ಎಂದೋ ನಿಲ್ಲಿಸಿದ್ದರು. ನಮ್ಮವರು ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ತೊಟ್ಟು ಕರು ಎಳೆಯುತ್ತಿದ್ದರು, ಚೀಲವೂ ಇಲ್ಲದಿದ್ದರೆ ಬರಿಗೈ. ಸಂಘ ಇದರ ಬಗ್ಗೆ ಬರೆದೂ ಬರೆದೂ ಸಾಕಾಗಿತ್ತು. ಕಂದು ಹಾಕಿದ ಹಸುವಿನೊಳಗೆ ಬರಿಗೈ ಹಾಕಿದವನಿಗೆ ಕಂದು ಹಾಕುವ ರೋಗ ಬಂದರೆ ಅದು ಯಾರ ತಪ್ಪು? ಇಷ್ಟೇ ವಾದ.

ಒಂದೇ ಒಂದು ತೊಡಕಿತ್ತು. ಅದನ್ನೂ ಕೇಳಿಬಿಟ್ಟೆ. ದೊಡ್ಡಿಯ ಮನೆಗಳಲ್ಲಿ ಹಾಲು ಕುಡೀತೀಯಾ ಅಂದೆ. ಉಸಿರಾಡುತ್ತೀಯಾ ಎಂದು ಕೇಳಿದವಳನ್ನು ನೋಡುವ ಹಾಗೆ ನನ್ನನ್ನು ನೋಡಿದ.

"ಹಸಿ ಹಾಲಾ?"

"ಕೊಟ್ಟ ಹಾಲು."

ದನ ಸಾಕಿ ಬದುಕುವ ಬಹೀಮರ ಮನೆಗೆ ಹೋದವರಿಗೆ ಇದು ಗೊತ್ತು. ನೀವು ಕೂತ ಮೇಲೆ ಮನೆಯಾಕೆ ಮರದ ಗಡಿಗೆಯ ಮೇಲಿನ ಹೆಣೆದ ಮುಚ್ಚಳ ತೆಗೆಯುತ್ತಾಳೆ, ಹೊಗೆ ಹಿಡಿಸಿದ ಗಡಿಗೆಯ ಪರಿಮಳ ಬರುತ್ತದೆ, ಹಾಲು ಬರುತ್ತದೆ. ಬೇಡ ಎನ್ನುವವರು ಇಬ್ಬರೇ: ಆ ದಿನ ಹುರುಳಿಕಾಯಿ ತಿಂದು ಹಾಲು ಮುಟ್ಟಬಾರದವರು, ಇಲ್ಲವೇ ಆ ಮನೆಯ ಹಗೆಗಳು. ಕಾಸಿ ಕೊಡಿ ಎಂದು ಕೇಳುವುದಂತೂ ಇನ್ನೂ ಕಷ್ಟ. ಪೇಟೆಯಲ್ಲಿ ನಾವೆಲ್ಲ ಹಾಲು ಕಾಸಿಯೇ ಚಹಾ ಕುಡಿಯುತ್ತೇವೆ, ಆದರೆ ಗುಡ್ಡದ ಹಳಬರ ಮನೆಗಳಲ್ಲಿ ಹಾಲಿಗೆ ತಾಗಿದ ಬೆಂಕಿ ಹಸುವಿನ ಕೆಚ್ಚಲಿಗೂ ತಾಗುತ್ತದೆ ಎಂದೇ ನಂಬಿಕೆ. ಮೊಲೆ ಬಿರಿಯುತ್ತದೆ, ಹಸು ಬತ್ತುತ್ತದೆ. ನೀವು ಕಾಸಿದ ಹಾಲು ಕೇಳಿದರೆ ಆ ಮನೆಯ ಹಸುವಿಗೆ ಕೇಡು ಬಯಸಿದ ಹಾಗೆ. ರುತಾರೊ ರೇಡಿಯೋದಲ್ಲಿ ಕಾಸಿ ಎನ್ನುತ್ತಿದ್ದ, ಮನೆಗೆ ಹೋದರೆ ಹಾಗೇ ಕುಡಿಯುತ್ತಿದ್ದ.

"ರೇಡಿಯೋದಲ್ಲಿ ಎಲ್ಲರಿಗೂ ಒಟ್ಟಿಗೆ ಹೇಳ್ತೀನಿ," ಅಂದ. "ಮನೆಯೊಳಗೆ ಕೂತರೆ ಒಬ್ಬರ ಮುಖ ನೋಡಿ ಹೇಳ್ಬೇಕಲ್ಲ."

ಅವನಿಗೆ ಸುಳ್ಳು ಹೇಳು ಎಂದು ನಾನು ಹೇಳಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ಕೈಗವಸಿನ ಮಾತಾಡು, ಹಾಲಿನ ಸುದ್ದಿ ನೀನಾಗಿ ಎತ್ತಬೇಡ ಅಂದೆ. ಆಮೇಲೆ ಬರಿಗೈಯಲ್ಲಿ ಕರು ಎಳೆದದ್ದನ್ನು ಕಣ್ಣಾರೆ ಕಂಡವರೊಬ್ಬರು ಬೇಕಾಗಿತ್ತು. ರುತಾರೊ ಕೊಬುರುಂಗಳ ಹೆಸರು ಹೇಳಿದ. ರುವೆಂಕುಬ ಗುಡ್ಡದ ವಿಧವೆ, ತನ್ನ ದೊಡ್ಡಿಯನ್ನು ತಾನೇ ನಡೆಸುವ ಹೆಂಗಸು. ಅವಳ ಹಸುವಿನ ಹೊಟ್ಟೆಯಲ್ಲಿ ಸತ್ತ ಕರುವನ್ನು ಇವನು ಸೆಗಣಿಯಲ್ಲಿ ಮಲಗಿಕೊಂಡು ಎಳೆದಿದ್ದ. ನಾನು ಫೋನು ಮಾಡಿ, ಡಾಕ್ಟರಿಗೆ ಕಷ್ಟ ಬಂದಿದೆ, ಅವರು ನಿಮ್ಮ ಹಸುವಿಗೆ ಏನು ಮಾಡಿದರು ಅನ್ನುವುದನ್ನು ಬಂದು ಹೇಳಬೇಕು ಅವ್ವಾ ಎಂದು ಕೇಳಿಕೊಂಡೆ. ಬರುತ್ತೇನೆ ಅಂದಳು. ಏನು ಹೇಳಬೇಕು ಎಂದು ಹೇಳಿಕೊಟ್ಟೆನೇ ಹೊರತು ಏನು ಹೇಳಬಾರದು ಎಂದು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ವಿಚಾರಣೆ ಜಿಲ್ಲಾ ಕಚೇರಿಯ ಸಭಾಂಗಣದಲ್ಲಿ. ಸಮಿತಿಯ ಅಧ್ಯಕ್ಷರು ಬಾಶೈಜ ಎನ್ನುವವರು, ಹಿಂದೆ ಮುಖ್ಯೋಪಾಧ್ಯಾಯರಾಗಿದ್ದವರು. ಪಕ್ಕದಲ್ಲಿ ಇಬ್ಬರು ಸದಸ್ಯರು, ಅವರು ತಲೆಯಾಡಿಸುವುದಕ್ಕೆ. ಬಾಶೈಜರೂ ದೊಡ್ಡಿಯಲ್ಲಿ ಹುಟ್ಟಿ ಬೆಳೆದವರೇ, ಆದರೆ ಕೋಟು ಹಾಕಿದ ಮೇಲೆ ನಿಯಮ ಬಿಟ್ಟು ಬೇರೆ ದೇವರಿಲ್ಲ. ಕೆಟ್ಟವರಲ್ಲ. ಒಬ್ಬನಿಗೆ ಕೊಟ್ಟರೆ ನಾಳೆ ಸಾಲು ನಿಲ್ಲುತ್ತದೆ ಎಂಬ ಭಯ, ಅಷ್ಟೇ.

ಮೊದಲರ್ಧ ನಮ್ಮ ಕಡೆಗೇ ನಡೆಯಿತು. ನಾನು ಕೈಗವಸಿನ ಕಥೆಯನ್ನು ಬಿಡಿಸಿ ಬಿಡಿಸಿ ಹೇಳಿದೆ. ಸದಸ್ಯರೊಬ್ಬರು ಬ್ರೆಡ್ಡಿನ ಚೀಲದ ಮಾತಿಗೆ ಮುಖ ಕಿವುಚಿದರು. ಆಮೇಲೆ ಬಾಶೈಜರು ರುತಾರೊನ ಕಡೆ ತಿರುಗಿ, ಈ ರೋಗ ಮನುಷ್ಯನಿಗೆ ಬೇರೆ ದಾರಿಯಿಂದ ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಅಂದ. ಯಾವ ದಾರಿ ಅಂದರೆ, ಕಾಸದ ಹಾಲು ಅಂದ. ನೀವು ರೇಡಿಯೋದಲ್ಲಿ ಕುಡಿಯಬೇಡಿ ಎನ್ನುತ್ತೀರಲ್ಲ, ಅದೇ ಹಾಲಾ ಎಂದರು. ಅದೇ ಎಂದ. ಮುಂದಿನ ಪ್ರಶ್ನೆ ಅವರ ಬಾಯಿಗೆ ಬಂದಾಗಿತ್ತು. ಅಷ್ಟರಲ್ಲಿ ಬಾಗಿಲು ತೆಗೆದುಕೊಂಡು ಕೊಬುರುಂಗ ಒಳಗೆ ಬಂದಳು.

ಕರೆಯುವ ತನಕ ಹೊರಗಿನ ಬೆಂಚಿನ ಮೇಲೆ ಕೂತಿರಬೇಕಿತ್ತು. ಆದರೆ ಕರೆಸಿಕೊಂಡ ಮನೆಗೆ ಬಂದವಳು ಹೊರಗೆ ಯಾಕೆ ಕೂರುತ್ತಾಳೆ? ಉದ್ದನೆಯ ಮೇಲುವಸ್ತ್ರ ಹೊದ್ದು, ಬಟ್ಟೆಯಲ್ಲಿ ಸುತ್ತಿದ ಹಾಲಿನ ಗಡಿಗೆಯನ್ನು ಎದೆಗೊತ್ತಿಕೊಂಡು ನಿಧಾನವಾಗಿ ನಡೆದು ಬಂದಳು. ಒಬ್ಬೊಬ್ಬರನ್ನೇ ಮಾತಾಡಿಸಿದಳು, ಮನೆಯವರು ಹೇಗಿದ್ದಾರೆ, ದನಗಳು ಹೇಗಿವೆ ಎಂದು. ಬಾಶೈಜರು ಪೆನ್ನು ಕೆಳಗಿಟ್ಟು ಎಲ್ಲದಕ್ಕೂ ಉತ್ತರ ಹೇಳಬೇಕಾಯಿತು. ಅವರಿಗೆ ದನಗಳೇ ಉಳಿದಿಲ್ಲ, ಆದರೂ ಚೆನ್ನಾಗಿವೆ ಅಂದರು.

ಸಾಕ್ಷಿ ಹೇಳಲು ನಿಂತಾಗ ಅವಳನ್ನು ನೋಡಿ ನನಗೆ ಹೆಮ್ಮೆಯಾಯಿತು. ಹಸು ಹೇಗೆ ಒದ್ದಾಡಿತು, ಕರು ಹೇಗೆ ಅಡ್ಡ ಸಿಕ್ಕಿಕೊಂಡಿತ್ತು, ಡಾಕ್ಟರು ಅಂಗಿ ಕಳಚಿ ಹೇಗೆ ಭುಜದವರೆಗೆ ಬರಿಗೈ ಹಾಕಿದರು, ಎಲ್ಲವನ್ನೂ ಹೇಳಿದಳು. ಸದಸ್ಯರು ಬರೆದುಕೊಂಡರು. ನಾನು ಸಾಕು ಅವ್ವಾ, ಉಪಕಾರವಾಯಿತು ಅಂದೆ. ಅವಳಿಗೆ ಸಾಕಾಗಿರಲಿಲ್ಲ. ಅವಳನ್ನು ಕರೆಸಿದ್ದು ಒಬ್ಬ ಮನುಷ್ಯ ಎಂಥವನು ಎಂದು ಹೇಳುವುದಕ್ಕೆ, ಅಂಥವನ ಬಗ್ಗೆ ಹೇಳಬೇಕಾದ ದೊಡ್ಡ ಮಾತೇ ಇನ್ನೂ ಉಳಿದಿತ್ತು.

"ಪೇಟೆಯಿಂದ ಬರೋ ಡಾಕ್ಟ್ರುಗಳನ್ನ ನೋಡಿದೀನಿ," ಅಂದಳು. "ಹೊಟ್ಟೆ ತುಂಬಿದೆ ಅಂತಾರೆ, ಆಮೇಲೆ ಕುಡೀತೀನಿ ಅಂತಾರೆ, ಬಾಟ್ಲಿ ನೀರು ತೆಗೀತಾರೆ. ಈ ಮನುಷ್ಯ ನನ್ನ ಮನೇಲಿ ಒಂದು ದಿನಕ್ಕೂ ಹಾಲು ಬೇಡ ಅಂದೋನಲ್ಲ. ಕರೆದಾಗ ಹೇಗಿತ್ತೋ ಹಾಗೇ ಕುಡಿದಿದ್ದಾನೆ. ನನ್ನ ಹಾಲಿಗೆ ಬೆಂಕಿ ತೋರಿಸು ಅಂತ ಯಾವತ್ತೂ ಬಾಯಿ ಬಿಟ್ಟಿಲ್ಲ. ಇಂಥೋನ ಕೆಲಸ ಕಿತ್ಕೊಂಡು ನೀವೇನು ಮಾಡ್ತೀರಪ್ಪಾ?"

ರುತಾರೊ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ. ಬಾಶೈಜರ ಮುಖದ ಮೇಲೆ ಸಣ್ಣ ನಗು ಬಂದುಹೋದದ್ದನ್ನು ನಾನು ನೋಡಿದೆ, ಇವತ್ತಿಗೂ ಮರೆತಿಲ್ಲ.

"ರೇಡಿಯೋ ಡಾಕ್ಟ್ರೇ, ಇದು ನಿಜಾನಾ?"

"ನಿಜ," ಅಂದ ರುತಾರೊ.

ಹಾಗಾದರೆ ಇದು ಕೆಲಸದಿಂದ ಬಂದ ರೋಗವಲ್ಲ, ಗೊತ್ತಿದ್ದೂ ಗೊತ್ತಿದ್ದೂ ತಾನಾಗಿ ಕುಡಿದು ತಂದುಕೊಂಡದ್ದು, ಅದಕ್ಕೆ ಜಿಲ್ಲೆ ಹೊಣೆಯಲ್ಲ ಎಂದರು ಬಾಶೈಜರು. ಗದರಿ ಹೇಳಲಿಲ್ಲ, ಶಾಲೆಯಲ್ಲಿ ಲೆಕ್ಕದ ಉತ್ತರ ಹೇಳುವ ಹಾಗೆ ಹೇಳಿದರು. ಕಡತ ಮುಚ್ಚಲು ಕೈ ಹಾಕಿದರು. ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ, ಹೊಗಳಿ ಕೆಡಿಸಿದ ಮುದುಕಿಯ ಮೇಲೋ, ನಿಜ ಎಂದ ಈ ಪುಣ್ಯಾತ್ಮನ ಮೇಲೋ.

ಕೊಬುರುಂಗಳಿಗೆ ಇದೊಂದೂ ಗೊತ್ತಾಗಲಿಲ್ಲ. ಮಾತು ಚೆನ್ನಾಗಿಯೇ ಮುಗಿಯಿತು ಅಂದುಕೊಂಡು ಬಟ್ಟೆ ಬಿಚ್ಚಿದಳು. ಬೇರೆಯವರ ಮನೆಗೆ ಬರಿಗೈಯಲ್ಲಿ ಬರುವ ಹೆಂಗಸಲ್ಲ ಅವಳು. ಗಡಿಗೆಯ ಮುಚ್ಚಳ ತೆಗೆದಳು, ಹೊಗೆಯ ಪರಿಮಳ ಆ ಸಿಮೆಂಟಿನ ಕೋಣೆಯನ್ನೆಲ್ಲ ತುಂಬಿತು. ಕಪ್ಪುಗಳನ್ನೂ ತಂದಿದ್ದಳು. ಮೊದಲನೆಯದನ್ನು ಬಾಶೈಜರಿಗೆ ಕೊಟ್ಟಳು.

ಅವರು ಕಡತದ ಮೇಲಿದ್ದ ಕೈ ತೆಗೆದು, ಎರಡೂ ಕೈಯಲ್ಲಿ ಕಪ್ಪು ಹಿಡಿದು, ತಾಯಿ ಚಿಕ್ಕಂದಿನಲ್ಲಿ ಕಲಿಸಿದ ಹಾಗೆ ತಳ ಕಾಣುವ ತನಕ ಒಂದೇ ಉಸಿರಿಗೆ ಕುಡಿದರು. ಮೇಲ್ತುಟಿ ಒರೆಸಿಕೊಂಡು, ಚೆನ್ನಾಗಿದೆ ಅವ್ವಾ, ಯಾವ ಹಸು ಎಂದು ಕೇಳಿದರು. ಬಿಹೋಗೊ, ನಮ್ಮ ಕೆಂಪು ಹಸು ಎಂದು ಅವಳು ಹೇಳಿದಳು. ಒಬ್ಬ ಸದಸ್ಯರು ಮುಗಿಸಿದರು, ಇನ್ನೊಬ್ಬರು ಅರ್ಧದಲ್ಲಿದ್ದರು. ಕಪ್ಪು ನನ್ನ ಹತ್ತಿರವೂ ಬಂತು, ನಾನೂ ಕುಡಿದೆ. ಕೆಳಗಿಡುವಾಗ ಹೊಳೆಯಿತು. ಎದ್ದು ನಿಂತೆ.

"ಅಧ್ಯಕ್ಷರೇ, ನೀವೀಗ ಕುಡಿದದ್ದು ಕಾಸಿದ ಹಾಲಾ?"

ಅವರು ಖಾಲಿ ಕಪ್ಪನ್ನು ನೋಡಿದರು.

"ಬೇಡ ಅನ್ನಬಹುದಿತ್ತಲ್ಲ?"

"ಹೇಗಮ್ಮಾ ಅನ್ನೋದು?" ಅಂದರು, ಮೆಲ್ಲಗೆ.

ಅಲ್ಲಿಂದ ನನ್ನನ್ನು ಹಿಡಿಯುವವರಿರಲಿಲ್ಲ. ಇದು ಅವರದೇ ಕಚೇರಿ, ಅವರದೇ ಕುರ್ಚಿ, ರೋಗದ ಮಾತನ್ನು ಈಗ ತಾನೇ ಕೇಳಿದವರು, ಆದರೂ ಕುಡಿದರು ಎಂದೆ. ರುತಾರೊ ಕೂರುವುದು ದೊಡ್ಡಿಯವರ ಅಂಗಳದಲ್ಲಿ. ಹಾಲು ಬೇಡ ಅಂದರೆ ಆ ಮನೆಯಲ್ಲಿ ಹಸು ಮುಟ್ಟಲು ಬಿಡುವುದಿಲ್ಲ. ಮುಟ್ಟದೆ ಲಸಿಕೆಯಿಲ್ಲ, ಪರೀಕ್ಷೆಯಿಲ್ಲ, ಜಿಲ್ಲೆ ಅವನನ್ನು ಕಳಿಸಿದ ಕೆಲಸವೇ ಇಲ್ಲ ಎಂದೆ. ಆಮೇಲೆ ಗಡಿಗೆಯ ಕಡೆ ಕೈ ತೋರಿಸಿ ಹೇಳಿದೆ:

"ರೋಗ ಇರೋದು ಈ ಹಾಲಲ್ಲೇ. ಈ ಹಾಲು ಕುಡಿಯೋದೇ ಅವನ ಕೆಲಸ."

ಚೆನ್ನಾಗಿ ಮಾತಾಡಿದೆ ಎಂದು ಆಮೇಲೆ ಎಲ್ಲರೂ ಹೇಳಿದರು. ನಾನು ತೋರಿಸಿದ್ದು ಯಾರ ಗಡಿಗೆಯನ್ನು ಎಂದು ನೋಡಿದ್ದು ಮಾತು ಮುಗಿದ ಮೇಲೆ. ಕೊಬುರುಂಗ ಮುಚ್ಚಳ ಹಾಕುತ್ತಿದ್ದಳು. ಅರ್ಧ ಕುಡಿದಿದ್ದ ಸದಸ್ಯರ ಕೈಯಿಂದ ಕಪ್ಪು ವಾಪಸು ತೆಗೆದುಕೊಂಡಳು. ಕೊಟ್ಟ ಹಾಲನ್ನು ಹಿಂದಕ್ಕೆ ತೆಗೆದುಕೊಂಡವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಗಡಿಗೆಯನ್ನು ಬಟ್ಟೆಯಲ್ಲಿ ಸುತ್ತಿ, ಯಾರಿಗೂ ಹೋಗಿಬರುತ್ತೇನೆ ಎನ್ನದೆ ಹೊರಟಳು. ರುತಾರೊ ಹಿಂದೆ ಹೋಗಲು ಎದ್ದ, ಬೆನ್ನು ಬಿಡಲಿಲ್ಲ, ಮೇಜು ಹಿಡಿದು ನಿಂತ.

ತೀರ್ಪು ನಮ್ಮ ಕಡೆಗೇ ಬಂತು. ರೋಗ ಕೆಲಸದಿಂದ ಬಂದದ್ದು, ಕೆಲಸ ಉಳಿಯತಕ್ಕದ್ದು, ಔಷಧಿ ಜಿಲ್ಲೆಯದ್ದು, ಜೊತೆಗೆ ಕೈಗವಸುಗಳನ್ನೂ ಒದಗಿಸತಕ್ಕದ್ದು. ಬಾಶೈಜರು ಗುಟ್ಟಾಗಿ ಹೋಗಿ ತಮ್ಮ ರಕ್ತ ಪರೀಕ್ಷೆ ಮಾಡಿಸಿಕೊಂಡ ಸುದ್ದಿಯೂ ಪೇಟೆಯಲ್ಲಿ ಓಡಾಡಿತು. ಫಲಿತಾಂಶ ಏನೆಂದು ಮಾತ್ರ ಯಾರಿಗೂ ಸಿಗಲಿಲ್ಲ. ಆ ವರ್ಷದ ಮಹಾಸಭೆಯಲ್ಲಿ ಪಕ್ಕೆಲುಬು ಹಿಡಿದವರು ಸಂಘ ಏನು ಮಾಡುತ್ತದೆ ಎಂದು ಕೇಳಲಿಲ್ಲ. ನನಗೆ ಹಾರ ಹಾಕಿದರು. ಹಾಕಿಸಿಕೊಂಡೆ, ಸುಳ್ಳು ಯಾಕೆ ಹೇಳಲಿ, ಹಿತವಾಗಿಯೇ ಇತ್ತು.

ಔಷಧಿ ಹಿಡಿದು ರುತಾರೊನ ಜ್ವರ ಇಳಿಯಿತು. ಮೋಟಾರ್‌ಸೈಕಲ್ ಹತ್ತುವಂತಿರಲಿಲ್ಲ, ಜಿಲ್ಲೆಯ ಹಳೆಯ ಜೀಪಿನಲ್ಲಿ ದಿಂಬಿಟ್ಟುಕೊಂಡು ಕೆಲಸಕ್ಕೆ ಹೋಗತೊಡಗಿದ. ಸ್ವಲ್ಪ ದಿನ ಕಳೆದ ಮೇಲೆ ಮತ್ತೆ ನಮ್ಮ ಮಹಡಿ ಹತ್ತಿ ಬಂದ. ಈ ಸಲ ಹೆಜ್ಜೆ ಹಗುರವಾಗಿತ್ತು, ಮುಖ ಹಾಗಿರಲಿಲ್ಲ.

ಹೋದ ಮನೆಯಲ್ಲೆಲ್ಲ ಕುರ್ಚಿ ಹಾಕುತ್ತಾರಂತೆ. ಬೆನ್ನು ಹೇಗಿದೆ ಎಂದು ವಿಚಾರಿಸುತ್ತಾರಂತೆ. ಆಮೇಲೆ ಚಹಾ ಬರುತ್ತದೆ, ಹಾಲು ಹಾಕದ ಕರಿ ಚಹಾ. ದನಗಳು ಹೇಗಿವೆ ಎಂದರೆ ಚೆನ್ನಾಗಿವೆ ಎನ್ನುತ್ತಾರೆ, ಎಲ್ಲಿವೆ ಎಂದರೆ ದೂರ ಮೇಯಲು ಹೋಗಿವೆ ಎನ್ನುತ್ತಾರೆ. ಸಂಘದ ಹೆಂಗಸು ಕಚೇರಿಯಲ್ಲಿ ನಿಂತು ನಮ್ಮ ಹಾಲೇ ರೋಗ ಎಂದಳು ಅನ್ನುವ ಸುದ್ದಿ ಅವನ ರೇಡಿಯೋ ಮುಟ್ಟದ ಗುಡ್ಡಗಳನ್ನೂ ಮುಟ್ಟಿತ್ತು. ಹಾಲು ತುಂಬಿದ ಮನೆಯಲ್ಲಿ ಕರಿ ಚಹಾ ಕೊಡುವುದೆಂದರೆ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನೀನು ಕೆಲಸ ಉಳಿಸಿಕೊಟ್ಟೆ," ಅಂದ. "ಅದರೊಳಗೆ ಕೆಲಸ ಉಳಿದಿಲ್ಲ."

ನನಗೆ ಸಿಟ್ಟು ಬಂತು. ಮತ್ತೇನು ಮಾಡಬೇಕಿತ್ತು, ನೀನು ನಿಜ ನಿಜ ಅನ್ನುತ್ತ ಕೂತಿದ್ದಾಗ ನಾನೂ ತಲೆಯಾಡಿಸಬೇಕಿತ್ತಾ ಎಂದು ಕೂಗಾಡಿದೆ. ಅವನು ಪೂರ್ತಿ ಕೇಳಿಸಿಕೊಂಡ. ನಿನ್ನದೇನೂ ತಪ್ಪಿಲ್ಲ, ಕೊಬುರುಂಗಳ ಮನೆಗೆ ಹೋಗೋಣ ನಡಿ, ನೀನೂ ಬರಬೇಕು ಅಂದ. ಸಂಘದ ಕಾರ್ಯದರ್ಶಿ ಸದಸ್ಯನ ಜೊತೆ ಎಲ್ಲಿಗೂ ಹೋಗಬೇಕಾಗುತ್ತದೆ. ಹೋದೆ.

ದನ ಮನೆಗೆ ಬರುವ ಹೊತ್ತಿಗೆ ರುವೆಂಕುಬ ಮುಟ್ಟಿದೆವು. ಅವಳು ನಮ್ಮನ್ನು ತಡೆಯಲಿಲ್ಲ, ಕೂರಿಸಿದಳು, ಮಾತಾಡಿಸಿದಳು. ಗೋಡೆಯ ಪಕ್ಕದ ಜಗಲಿಯ ಮೇಲೆ ಗಡಿಗೆಗಳು ಸಾಲಾಗಿ ಕೂತಿದ್ದವು, ಒಂದೊಂದರ ಮೇಲೂ ಹೆಣೆದ ಚೂಪು ಮುಚ್ಚಳ. ನಮಗೆ ಕರಿ ಚಹಾ ಬಂತು, ಸಕ್ಕರೆ ಧಾರಾಳವಾಗಿ ಹಾಕಿದ್ದಳು. ಹೊರಗೆ ದನಗಳು ಮುಳ್ಳುಬೇಲಿಯೊಳಗೆ ಬರುತ್ತಿದ್ದವು, ಉದ್ದ ಕೊಂಬುಗಳು ಒಂದಕ್ಕೊಂದು ತಾಗಿ ಸದ್ದಾಗುತ್ತಿತ್ತು. ಕೊನೆಗೆ ಬಂದ ಚುಕ್ಕೆ ಹಸುವನ್ನು, ಹಿಂದೆ ತಾನು ಸತ್ತ ಕರು ಎಳೆದಿದ್ದ ಮಾಯೆಂಜೆಯನ್ನು, ಕಂಡು ರುತಾರೊ ಕತ್ತು ಚಾಚಿದ. ಬಾಲದ ಕೆಳಗೆ ಕೊಳೆಯಾಗಿತ್ತು, ಜೊತೆಗೆ ಕರುವಿರಲಿಲ್ಲ. ದೂರದಿಂದಲೇ ನನಗೂ ತಿಳಿಯಿತು, ಅದು ಮತ್ತೆ ಕಂದು ಹಾಕಿತ್ತು.

"ಮಾಯೆಂಜೆ ಹೇಗಿದೆ ಅವ್ವಾ?"

"ಚೆನ್ನಾಗಿದೆ."

ಅವನು ಚಹಾದ ಕಪ್ಪನ್ನು ನೆಲದ ಮೇಲಿಟ್ಟ. ಹಾಲು ಕೊಡಿ ಅವ್ವಾ ಎಂದ.

"ನನ್ನ ಹಾಲಲ್ಲಿ ರೋಗ ಇದೆಯಂತಲ್ಲ," ಅಂದಳು ಅವಳು. "ನಿಮ್ಮ ಸಂಘದೋರು ಹೇಳಿದ್ರು."

ನನ್ನ ಕಡೆ ನೋಡಲಿಲ್ಲ. ಸುಮ್ಮನಿರಲು ನನ್ನಿಂದ ಆಗಲಿಲ್ಲ. ಹೇಳಿದ್ದು ನಾನೇ ಅವ್ವಾ ಅಂದೆ.

"ಗೊತ್ತು ಮಗಳೇ. ನೀನೂ ಕುಡಿದ ಮೇಲೆ ಹೇಳಿದೆ."

ನಾನು ತಲೆ ತಗ್ಗಿಸಿದೆ. ಅಷ್ಟು ನಾಚಿಕೆ ನನಗೆ ಯಾವ ಸಭೆಯಲ್ಲೂ ಆಗಿರಲಿಲ್ಲ.

ರುತಾರೊ ನನ್ನ ನೆರವಿಗೆ ಬರಲಿಲ್ಲ. ಅವಳ ಮುಖವನ್ನೇ ನೋಡುತ್ತ, ಹೌದು, ರೋಗ ಇದೆ ಅಂದ. "ಕಾಸಿದ್ರೆ ಹೋಗುತ್ತೆ. ರೇಡಿಯೋದಲ್ಲಿ ಹೇಳ್ತಿದ್ದೆ, ನಿಮ್ಮೆದುರು ಕೂತು ಹೇಳೋಕೆ ನನಗೆ ಬಾಯಿ ಬರ್ತಿರ್ಲಿಲ್ಲ. ಈಗ ಕೇಳ್ತಿದೀನಿ. ಕಾಸಿ ಕೊಡಿ, ಕುಡೀತೀನಿ."

ಹೊರಗೆ ಕರುಗಳು ಕೂಗುತ್ತಿದ್ದವು.

"ಅದನ್ನ ರೇಡಿಯೋದಲ್ಲಿ ವಾರ ವಾರ ಕೇಳ್ತಿದ್ದೆ," ಅಂದಳು. "ಪೇಟೆಯೋರಿಗೆ ಹೇಳ್ತಿದ್ದೀಯ ಅಂದ್ಕೊಂಡಿದ್ದೆ. ನೀನೇ ಬಂದು ಕುಡೀತಿದ್ದೆಯಲ್ಲ ಡಾಕ್ಟ್ರಪ್ಪ."

ರುತಾರೊ ಅಷ್ಟು ವರ್ಷ ಬಾಯಲ್ಲಿ ಹೇಳಿದ್ದನ್ನು ಅದೇ ಬಾಯಿಂದ ಕುಡಿದು ಅಳಿಸಿದ್ದ. ಅವನ ಕಣ್ಣು ತುಂಬಿತ್ತು, ನನಗೆ ನೋಡಲಾಗಲಿಲ್ಲ.

ಆ ಜ್ವರ ಹೇಗಿರುತ್ತೆ ಎಂದು ಕೇಳಿದಳು. ಬರುತ್ತೆ, ಹೋಗುತ್ತೆ, ಬೆವರುತ್ತೆ, ಬೆನ್ನು ಮಂಡಿ ಹಿಡ್ಕೊಳ್ಳುತ್ತೆ ಎಂದ. ಅವಳು ತನ್ನ ಮಂಡಿಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು. ಮುದಿತನ ಅಂದುಕೊಂಡಿದ್ದೆ ಎಂದಳು, ನಮಗಲ್ಲ, ಮಂಡಿಗೆ ಹೇಳುವ ಹಾಗೆ.

ಆಮೇಲೆ ಎದ್ದು ಹೊರಗೆ ಹೋದಳು. ಬಿಹೋಗೊವಿನ ಹಾಲು ಕರೆಯಲಿಲ್ಲ, ಅದರ ಬೆನ್ನು ಸವರಿ ಮುಂದೆ ಹೋದಳು. ಚುಕ್ಕೆ ಹಸುವಿನ ಹತ್ತಿರ ಕೂತು ಒಂದಿಷ್ಟು ಹಾಲು ಕರೆದು ತಂದಳು. ಇದಕ್ಕೆ ಇನ್ನು ಕೆಡುವುದೇನಿದೆ, ಬೆಂಕಿ ತಾಗುವುದಾದರೆ ಇದಕ್ಕೇ ತಾಗಲಿ ಎಂದಳು. ರೋಗ ಇರುವ, ಕಾಸಲೇಬೇಕಾದ ಹಾಲು ಅದೇ ಎಂದು ಅವಳಿಗೆ ಗೊತ್ತಿರಲಿಲ್ಲ, ನಮಗೆ ಗೊತ್ತಿತ್ತು, ಇಬ್ಬರೂ ಸುಮ್ಮನಿದ್ದೆವು. ಚಹಾದ ಪಾತ್ರೆಯನ್ನು ತೊಳೆದು ಒಲೆಯ ಮೇಲಿಟ್ಟಳು. ಹಾಲು ಉಕ್ಕಿ ಬಂದಾಗ ಹೆದರಿ ಹಿಂದೆ ಸರಿದಳು, ಬಾಗಿಲಿಗೆ ಹೋಗಿ ಹಸು ನಿಂತಿದೆಯೋ ಬಿದ್ದಿದೆಯೋ ಎಂದು ನೋಡಿ ಬಂದಳು. ಹಸು ನಿಂತೇ ಇತ್ತು.

ರುತಾರೊ ಎರಡೂ ಕೈಯಲ್ಲಿ ಕಪ್ಪು ಹಿಡಿದು ತಳದವರೆಗೆ ಕುಡಿದ. ನನಗೂ ಕೊಟ್ಟಳು. ಗಡಿಗೆಯ ಹೊಗೆಯ ರುಚಿಯಿಲ್ಲ, ಪಾತ್ರೆಯ ಚಹಾದ ವಾಸನೆ, ಮೇಲೆ ಕೆನೆ. ನನಗೆ ಇಷ್ಟವಾಗಲಿಲ್ಲ. ಮುಗಿಸಿದೆ.

ಅವಳು ಹೋಗಿ ದೊಡ್ಡಿಯ ಬಾಯಿಗೆ ಅಡ್ಡ ಇಟ್ಟಿದ್ದ ಮುಳ್ಳಿನ ಕೊಂಬೆಯನ್ನು ಪಕ್ಕಕ್ಕೆ ಎಳೆದಳು. ಬಾ, ಮಾಯೆಂಜೆಯನ್ನು ನೋಡು ಅಂದಳು. ಅವನು ಚೀಲದಿಂದ ಹೊಸ ಕೈಗವಸು ತೆಗೆದು ಭುಜದವರೆಗೆ ಎಳೆದುಕೊಂಡ. ಹಸುವನ್ನು ನೋಡಿದ, ರಕ್ತ ತೆಗೆದ, ಬಾಕಿ ದನಗಳದ್ದನ್ನೂ ತೆಗೆದ. ಕತ್ತಲಾಗುವ ಮೊದಲು ಮುಗಿಯಿತು. ಅವನು ಕೈಗವಸು ಕಳಚಿ ಕೈ ತೊಳೆದುಕೊಂಡು ಸಾಮಾನು ಕಟ್ಟಿಕೊಳ್ಳುತ್ತಿದ್ದಾಗ ಕೊಬುರುಂಗ ಮೇಲುವಸ್ತ್ರ ಸರಿಸಿ ತನ್ನ ತೆಳ್ಳಗಿನ ತೋಳನ್ನು ಅವನ ಮುಂದೆ ಚಾಚಿದಳು.

"ನನ್ನದೂ ತಗೋ. ನಿನ್ನ ಬಿಟ್ಟು ಬೇರೆಯೋರಿಗೆ ನಾನು ಕೈ ಕೊಡಲ್ಲ."

ದನದ ಡಾಕ್ಟರು ಮನುಷ್ಯರಿಗೆ ಸೂಜಿ ಚುಚ್ಚುವಂತಿಲ್ಲ. ನಮ್ಮ ಸಂಘದ ನಿಯಮಗಳಲ್ಲಿ ಅದು ಮೊದಲ ಪುಟದಲ್ಲೇ ಇದೆ, ಅದನ್ನು ಮೀರಿದ ಇಬ್ಬರ ಸದಸ್ಯತ್ವವನ್ನು ನಾನೇ ರದ್ದು ಮಾಡಿಸಿದ್ದೇನೆ. ರುತಾರೊ ನನ್ನ ಮುಖ ನೋಡಿದ. ನಾನು ಆ ಕಡೆ ತಿರುಗಿಕೊಂಡು ಮಾಯೆಂಜೆಯ ಕೊಂಬುಗಳನ್ನು ನೋಡುತ್ತ ನಿಂತೆ. ಚೆಂದದ ಕೊಂಬುಗಳು. ಹಿಂದೆ ಅವನು ಹೊಸ ಸೂಜಿಯ ಕಾಗದ ಹರಿಯುವ ಸದ್ದು ಕೇಳಿಸಿತು.